ಹತ್ತು ಯೂರೋ ನೋಟಿನ ಸೇತುವೆಯವರಿಗೆ ಒಂದು ಅಹವಾಲು

ಹತ್ತು ಯೂರೋ ನೋಟಿನ ಹಿಂಬದಿಯಲ್ಲಿ ವಿರಾಜಮಾನರಾಗಿರುವ ಮಾನ್ಯ ಸೇತುವೆಯವರೇ,

ಗ್ರೀಸ್ ದೇಶದ ಎಪಿರಸ್ ಬೆಟ್ಟಸೀಮೆಯ ಪೆತ್ರೋವ್ರಿಸಿ ಎಂಬ ನಲವತ್ತು ಮನೆಗಳ ಊರಿನಿಂದ ಲಾಂಬ್ರಿನಿ ಜೋಗಾ ಮಾಡುವ ವಿನಯಪೂರ್ವಕ ವಂದನೆಗಳು. ಎಷ್ಟು ಜೇಬುಗಳಲ್ಲಿ ಮುದುಡಿದರೂ ತಮ್ಮ ಒಂದು ಕಲ್ಲೂ ಕದಲಿಲ್ಲವೆಂದು ತಿಳಿದು ಸಂತೋಷವಾಗಿದೆ. ನಮ್ಮೂರಿನ ಸೇತುವೆಗೆ ಆ ಭಾಗ್ಯವಿರಲಿಲ್ಲ. ಕಳೆದ ಫೆಬ್ರವರಿಯ ಪ್ರವಾಹದಲ್ಲಿ ಕೊಚ್ಚಿಹೋಯಿತು.

ನನ್ನ ಗಂಡ ಥೋಮಾಸ್‌ನ ಮೂತ್ರಪಿಂಡಗಳು ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಪಟ್ಟಣದ ಆಸ್ಪತ್ರೆಗೆ ಹೋಗಿ ಯಂತ್ರದಿಂದ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕು. ಸೇತುವೆಯಿದ್ದಾಗ ಮುಕ್ಕಾಲು ಗಂಟೆಯ ದಾರಿ. ಈಗ ಬೆಟ್ಟ ಸುತ್ತಿ ಮೂರು ಗಂಟೆ, ಬರುವಾಗ ಮತ್ತೆ ಮೂರು ಗಂಟೆ. ಆ ಹೊತ್ತಿಗೆ ಅವನು ಹಿಂದಿನ ಸೀಟಿನಲ್ಲಿ ವಾಂತಿ ಮಾಡುತ್ತಿರುತ್ತಾನೆ, ನಾನು ಅಳುತ್ತಾ ಕಾರು ಓಡಿಸುತ್ತಿರುತ್ತೇನೆ.

ಎಂಜಿನಿಯರ್ ಸಾಹೇಬರೊಬ್ಬರು ದಯಮಾಡಿಸಿ, ಮುರಿದ ತುದಿಯಲ್ಲಿ ನಿಂತು, ಸೇತುವೆಯ ಬದಲು ಅರ್ಥಶಾಸ್ತ್ರವನ್ನು ಅನುಗ್ರಹಿಸಿದರು. “ನೋಡೀಮ್ಮಾ, ಇಷ್ಟೊಂದು ದೇಶ ಸೇರಿ ಒಂದೇ ದುಡ್ಡು ಇಟ್ಕೊಂಡಿದೀವಿ. ನಾವಿಲ್ಲಿ ಕೈಬಿಚ್ಚಿ ಖರ್ಚು ಮಾಡಿದ್ರೆ ಅಲ್ಲಿ ಯೂರೋ ಅಲ್ಲಾಡತ್ತೆ.” ಕಾಫಿ ಅಂಗಡಿಯ ಫೋತಿಸ್ ಸುಮ್ಮನಿರಲಿಲ್ಲ. “ಯೂರೋ ನಿಲ್ಲಲಿ ಅಂತ ನಾವು ಮುಳುಗ್ಬೇಕಾ ಸ್ವಾಮಿ? ನಮ್ಮ ಹಳೇ ದುಡ್ಡು ದ್ರಾಕ್ಮಾ ಇದ್ದಾಗ ನಮ್ಮ ನೋಟು ನಾವೇ ಹೊಡ್ಕೊಂಡು ಸೇತುವೆ ಕಟ್ಕೋತಿದ್ವಿ!” ಅದಕ್ಕೆ ಥೋಮಾಸ್, “ಸಾಕು ಬಿಡೋ, ಆ ದ್ರಾಕ್ಮಾ ಸಂಬಳ ಮನೆ ಸೇರೋದ್ರೊಳಗೆ ಬೆಲೆ ಏರಿ ಅರ್ಧ ಕರಗಿರ್ತಿತ್ತು” ಎಂದು ಗದರಿದ. ಇಬ್ಬರದೂ ನಿಜವಾದ್ದರಿಂದ ಜಗಳ ಇನ್ನೂ ಮುಗಿದಿಲ್ಲ.

ಹೀಗೆ ದಿಕ್ಕು ತೋಚದೆ ಕೈಚೀಲ ತೆರೆದಾಗ ತಮ್ಮ ದರ್ಶನವಾಯಿತು. ಒಂದು ದೇಶದ ಸೇತುವೆಯನ್ನು ನೋಟಿನಲ್ಲಿ ಹಾಕಿದರೆ ಇನ್ನೊಂದು ದೇಶ ಮುನಿಸಿಕೊಂಡೀತೆಂದು, ಎಲ್ಲಿಯೂ ಇಲ್ಲದ ಸೇತುವೆಯಾದ ತಮ್ಮನ್ನು ಬರೆದರಂತೆ. ಎಂಥ ಮುಂದಾಲೋಚನೆ! ಕಟ್ಟದೇ ಇದ್ದದ್ದು ಬೀಳುವುದಿಲ್ಲ, ಯಾರೂ ದಾಟದೇ ಇದ್ದದ್ದು ಸವೆಯುವುದಿಲ್ಲ. ತಮ್ಮ ಒಂದು ದಡ ಸಿರಿವಂತ, ಇನ್ನೊಂದು ಬಡವ ಎಂಬ ತಕರಾರೂ ಇಲ್ಲ. ಎಲ್ಲರದೂ ಒಂದೇ ದುಡ್ಡು, ಆದರೆ ಅವರವರ ಹೊಳೆ ಅವರವರಿಗೆ ಎಂಬ ಈ ಏರ್ಪಾಟಿಗೆ ತಮಗಿಂತ ತಕ್ಕ ಲಾಂಛನ ಇನ್ನೊಂದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಆರಕ್ಕೆ ತಾವು ನೋಟಿನಿಂದ ಇಳಿದು ನಮ್ಮ ಹೊಳೆಯ ಮೇಲೆ ಐದು ನಿಮಿಷ ಮೈಚಾಚಬೇಕು, ಮಧ್ಯಾಹ್ನ ಮತ್ತೆ ಐದು ನಿಮಿಷ. ಆಗ ತಮ್ಮ ನೋಟು ಬೋಳಾಗಿ ಕಂಡರೂ ನಮ್ಮ ಅಂಗಡಿಯವರು ಬೇಡವೆನ್ನುವುದಿಲ್ಲ. ನಮ್ಮ ಹಳೇ ಕಾರಿನ ಭಾರಕ್ಕೆ ಯುರೋಪ್ ಅಲ್ಲಾಡದಂತೆ ನಾನೂ ನಿಧಾನವಾಗಿ ಓಡಿಸುತ್ತೇನೆ.

ಎಂಜಿನಿಯರರ ಮೇಲಿದ್ದ ನಂಬಿಕೆಯನ್ನೂ ತಮಗೇ ವರ್ಗಾಯಿಸಿರುವ,
ತಮ್ಮ ವಿಶ್ವಾಸಿ,
ಲಾಂಬ್ರಿನಿ ಜೋಗಾ

ವಿ.ಸೂ.: ಥೋಮಾಸ್ ಈ ಗುರುವಾರ ಕಾರು ಹತ್ತಲಿಲ್ಲ. “ಸಾಕು ಕಣೇ, ಇನ್ನು ಬೆಟ್ಟ ಸುತ್ತಕ್ಕೆ ನನ್ಕೈಲಾಗಲ್ಲ” ಎಂದು ಗೋಡೆಯತ್ತ ತಿರುಗಿ ಮಲಗಿದ. ಶನಿವಾರವೂ ತಪ್ಪಿಸಿದರೆ ಉಳಿಯುವುದು ಕಷ್ಟವೆಂದು ವೈದ್ಯೆ ಹೇಳಿದ್ದಾರೆ. ಅಂದೇ ಪಟ್ಟಣದಲ್ಲಿ ‘ಯೂರೋ ಇನ್ನೈವತ್ತು ವರ್ಷ ಬಾಳೀತೇ?’ ಎಂಬ ವಿಚಾರಗೋಷ್ಠಿಯಿದ್ದು, ಊರಿನವರೆಲ್ಲ ಬರಬೇಕೆಂದು ಕರೆಯೋಲೆ ಬಂದಿದೆ. ಬರಲು ನಮಗೂ ಆಸೆಯೇ, ಹೊಳೆ ದಾಟಿಸಿ.