ಗಣಕ ಸಂಘಟನೆಯ ಧ್ಯೇಯೋದ್ದೇಶಗಳು

ಮೈಸೂರು ಲಷ್ಕರ್ ಮೊಹಲ್ಲಾದ ಆ ಪ್ರಥಮ ದರ್ಜೆ ಕಾಲೇಜಿನ ಆವರಣದಲ್ಲಿ ಪೂರ್ವಾನುಮತಿಯಿಲ್ಲದೆ ಯಾವುದೇ ಸಂಘಟನೆ ಕಟ್ಟುವುದನ್ನು ನಿಷೇಧಿಸಲಾಗಿದೆ. ಈ ನಿಯಮ ಮನುಷ್ಯರಿಗೆಷ್ಟೋ ಕಂಪ್ಯೂಟರುಗಳಿಗೂ ಅಷ್ಟೇ ಅನ್ವಯ ಎಂಬುದು ಈ ವರ್ಷ ಜುಲೈ ಎಂಟರಂದು ಇತ್ಯರ್ಥವಾಯಿತು.

ಇದಕ್ಕೆ ಕಾರಣಳಾದವಳು ಸುಚಿತ್ರಾ. ಹನ್ನೊಂದು ವರ್ಷದಿಂದ ಅಲ್ಲಿ ಅತಿಥಿ ಉಪನ್ಯಾಸಕಿ. ಅಷ್ಟು ವರ್ಷ ಒಂದೇ ಮನೆಯಲ್ಲಿ ಉಳಿದ ಅತಿಥಿಯನ್ನು ಬೇರೆ ಯಾರೇ ಆಗಲಿ ಸೊಸೆ ಅಂತಲಾದರೂ ಒಪ್ಪಿಕೊಂಡುಬಿಡುತ್ತಿದ್ದರು, ಕಾಲೇಜು ಒಪ್ಪಿರಲಿಲ್ಲ. ಪ್ರತಿ ಜುಲೈನಲ್ಲಿ ಅವಳ ನೇಮಕ ಹೊಸದಾಗಿ ಆಗಬೇಕು, ಅದಕ್ಕೆ ಮೊದಲು ಅವಳ ಪಾಠದ ‘ಕಲಿಕಾ ಉದ್ದೇಶಗಳು’ ಮಂಜೂರಾಗಬೇಕು. ಈ ಸಲ ಕಡತವೆಲ್ಲ ಕನ್ನಡದಲ್ಲೇ ಇರತಕ್ಕದ್ದೆಂದು ಸುತ್ತೋಲೆ ಬಂದಾಗ ಇಡೀ ಕಾಲೇಜಿನಲ್ಲಿ ಖುಷಿಪಟ್ಟವಳು ಅವಳೊಬ್ಬಳೇ. ಸಿದ್ಧಾರ್ಥನಗರದ ಮನೆಯಲ್ಲಿ ಒಂದು ಭಾನುವಾರ ಪೂರ್ತಿ ನಿಘಂಟು ತಿರುವಿ, ‘ಕಂಪ್ಯೂಟರ್ ಆರ್ಗನೈಸೇಶನ್’ ಎಂಬ ವಿಷಯಕ್ಕೆ ‘ಗಣಕ ಸಂಘಟನೆ’ ಎಂದು ಹೆಸರಿಟ್ಟಳು. ಕಂಪ್ಯೂಟರಿನ ಒಳಗಿನ ಭಾಗಗಳು ಹೇಗೆ ಒಂದಕ್ಕೊಂದು ಹೊಂದಿಕೊಂಡಿವೆ ಎಂದು ಹೇಳುವ ಪಾಠ ಅದು.

ಹೆಸರು ನೋಡಿದ ಟಪಾಲು ಗುಮಾಸ್ತರು ಕಡತವನ್ನು ಪಾಠಪ್ರವಚನ ಶಾಖೆಗೆ ಕಳಿಸದೆ, ಸಂಘ-ಸಂಸ್ಥೆಗಳ ಶಾಖೆಗೆ ಕಳಿಸಿದರು. ಆ ಶಾಖೆಯ ಅಧೀಕ್ಷಕ ಶಿವಲಿಂಗಯ್ಯನವರು ಅವಳನ್ನು ಕರೆಸಿದರು.

“ಏನಮ್ಮ, ಸಂಘಟನೆ ಕಟ್ತೀರಂತೆ?”

“ಸಂಘಟನೆ ಅಲ್ಲ ಸರ್, ಪಾಠ.”

“ಎಲ್ರೂ ಹಂಗೇ ಅನ್ನೋದು. ಮೊದಲು ಪಾಠ ಅಂತಾರೆ, ಆಮೇಲೆ ಗೇಟಿಗೆ ಬಾವುಟ ಕಟ್ತಾರೆ. ಇರಲಿ, ಧ್ಯೇಯೋದ್ದೇಶ ನೋಡೋಣ.”

ಮೊದಲನೆಯದು, ‘ವಿದ್ಯಾರ್ಥಿಗಳು ಪೆಟ್ಟಿಗೆ ಬಿಚ್ಚಿ ಪ್ರೊಸೆಸರನ್ನು ಗುರುತಿಸುವರು.’ ಶಿವಲಿಂಗಯ್ಯ ಅದರ ಪಕ್ಕ ಪ್ರಶ್ನಾರ್ಥಕ ಹಾಕಿದರು. ಎರಡನೆಯದು, ‘ರಿಜಿಸ್ಟರುಗಳ ಕೆಲಸವನ್ನು ವಿವರಿಸುವರು.’ ಪ್ರೊಸೆಸರಿನೊಳಗೆ ಅಂಕಿಯೊಂದನ್ನು ಕ್ಷಣಕಾಲ ಹಿಡಿದಿಡುವ ಪುಟ್ಟ ಜಾಗಕ್ಕೆ ರಿಜಿಸ್ಟರ್ ಎನ್ನುತ್ತಾರೆಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಅವರ ಮುಖ ಅರಳಿತು.

“ರಿಜಿಸ್ಟರ್ ಇಲ್ಲದ ಸಂಘ ಸಂಘವೇ ಅಲ್ಲ ಕಣ್ರೀ. ಎಷ್ಟಿವೆ?”

“ಹದಿನಾರು.”

“ಹದಿನಾರಾ! ಭೇಷ್. ನಮ್ಮ ನೌಕರರ ಸಂಘದಲ್ಲಿ ಇರೋದೇ ಮೂರು, ಅದ್ರಲ್ಲಿ ಒಂದನ್ನ ಇಲಿ ತಿಂದದೆ.”

ಮೂರನೆಯದನ್ನು ಓದಿದಾಗ ಅರಳಿದ ಮುಖ ಬಾಡಿತು. ‘ಅಡ್ಡಿ ಬಂದಾಗ ಪ್ರೊಸೆಸರ್ ನಡೆಯುತ್ತಿರುವ ಕೆಲಸವನ್ನು ನಿಲ್ಲಿಸುವ ಬಗೆಯನ್ನು ವಿವರಿಸುವರು.’

“ಮುಷ್ಕರ,” ಅಂದರು ಮೆಲ್ಲಗೆ.

“ಅಯ್ಯೋ ಇಲ್ಲ ಸರ್! ಯಾರಾದ್ರೂ ಒಂದು ಕೀ ಒತ್ತಿದ್ರೆ…”

“ಯಾರು ಒತ್ತೋರು? ಹೆಸರು ಹೇಳಿ.”

ಸುಚಿತ್ರಾ ಸೋತಳು. ಹೆಸರನ್ನು ‘ಗಣಕ ಜೋಡಣೆ’ ಅಂತ ತಿದ್ದಿ ಕೊಡುತ್ತೇನೆ ಅಂದಳು. ಸಂಘದ ಹೆಸರು ಬದಲಿಸಲು ಮಹಾಸಭೆಯಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕೆಂದೂ, ಮಹಾಸಭೆ ಕರೆಯಲು ಸಂಘ ಮೊದಲು ನೋಂದಣಿಯಾಗಿರಬೇಕೆಂದೂ ಶಿವಲಿಂಗಯ್ಯ ಸಮಾಧಾನದಿಂದಲೇ ತಿಳಿಸಿದರು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಟೆಂಡರ್ ಜವರಯ್ಯ ನಿವೃತ್ತಿಗೆ ನಾಲ್ಕು ತಿಂಗಳಿದ್ದ ಅನುಭವಸ್ಥರು. “ಬುಡಿ ಮೇಡಂ, ಸಂಗ ಅಂದ್ರೆ ಸಂಗ, ಅಂಗೇ ಓಗ್ಲಿ. ಅವ್ರು ಕೇಳಿದ್ದು ಬರ್ದು ಕೊಟ್ಬುಟ್ರೆ ನಿಮ್ ಆರ್ಡ್ರು ಬತ್ತದೆ. ಜುಲೈ ಮೂವತ್ತೊಂದು ದಾಟುದ್ರೆ ನೀವೂ ಮನೇಲಿ, ಪಾಠಾನೂ ಮನೇಲಿ.”

ಅವಳು ಸಂಘದ ನೋಂದಣಿ ಅರ್ಜಿಯನ್ನೇ ಬರೆದುಕೊಟ್ಟಳು. ವಾರದೊಳಗೆ ಸೂಚನಾ ಫಲಕದಲ್ಲಿ ಪ್ರಕಟಣೆ ಬಂತು:

‘ಗಣಕ ಸಂಘಟನೆಯ ಸದಸ್ಯತ್ವವು ಕಂಪ್ಯೂಟರುಗಳಿಗೆ ಮಾತ್ರ ಮೀಸಲಿರತಕ್ಕದ್ದು. ಅಧ್ಯಕ್ಷ ಸ್ಥಾನವನ್ನು ಸೇವಾ ಹಿರಿತನದ ಮೇರೆಗೆ ತುಂಬತಕ್ಕದ್ದು. ಕರ್ತವ್ಯಕ್ಕೆ ಅಡ್ಡಿಪಡಿಸುವುದಿಲ್ಲವೆಂದು ಪ್ರತಿ ಸದಸ್ಯರಿಂದಲೂ ಮುಚ್ಚಳಿಕೆ ಪಡೆಯತಕ್ಕದ್ದು. ಸಹಿ ಮಾಡಲಾಗದ ಸದಸ್ಯರ ಪರವಾಗಿ ಸದರಿ ಉಪನ್ಯಾಸಕಿಯೇ ಸಹಿ ಮಾಡತಕ್ಕದ್ದು.’

ಮೂವತ್ತೆಂಟು ಕಂಪ್ಯೂಟರುಗಳ ಪರವಾಗಿ ಸುಚಿತ್ರಾ ಸಹಿ ಮಾಡಿದಳು. ಅಷ್ಟರಲ್ಲಿ ಸಂಘದ ಮೇಲೆ ಎಲ್ಲರಿಗೂ ಮಮತೆ ಹುಟ್ಟಿತ್ತು. ಪ್ರಾಂಶುಪಾಲೆ ಪ್ರೇಮಲೀಲಾ ಗೌರವಾಧ್ಯಕ್ಷೆಯಾದರು. ಆಡಳಿತ ಮಂಡಳಿಯ ಹನ್ನೊಂದು ಜನ ಪೋಷಕರಾದರು. ಹನ್ನೆರಡನೆಯವರು ಮುನಿಸಿಕೊಂಡಿದ್ದರಿಂದ ಮಹಾಪೋಷಕರಾದರು.

ಅಧ್ಯಕ್ಷರ ಆಯ್ಕೆಯಲ್ಲಿ ಮಾತ್ರ ಒಂದು ಸಣ್ಣ ತೊಡಕಾಯಿತು. ಲ್ಯಾಬಿನಲ್ಲಿ ಅತ್ಯಂತ ಹಿರಿಯ ಕಂಪ್ಯೂಟರ್ ಒಂಬತ್ತು ವರ್ಷದ ಹಿಂದೆಯೇ ಸತ್ತಿತ್ತು. ಗುಜರಿಗೆ ಹೋಗುತ್ತಿದ್ದ ಅದನ್ನು ಸುಚಿತ್ರಾ ಕಾಡಿಬೇಡಿ ಉಳಿಸಿಕೊಂಡಿದ್ದಳು. ಉಳಿದವುಗಳನ್ನೆಲ್ಲ ಕಂಪನಿಯವರು ಸೀಲು ಮಾಡಿದ್ದರಿಂದ ಹುಡುಗರು ಬಿಚ್ಚಿ ನೋಡಬಹುದಾದ ಪೆಟ್ಟಿಗೆ ಅದೊಂದೇ. ಅವಳ ಮೊದಲನೇ ಉದ್ದೇಶ, ನಿಜ ಹೇಳಬೇಕೆಂದರೆ ಅವಳ ಇಡೀ ಪಾಠ, ಅದರೊಳಗಿತ್ತು.

“ಸರ್, ಅದು ಆನ್ ಆಗಲ್ಲ,” ಅಂದಳು ಸಭೆಯಲ್ಲಿ.

“ಅಧ್ಯಕ್ಷರು ಆನ್ ಆಗ್ಬೇಕು ಅಂತ ಬೈಲಾದಲ್ಲಿ ಎಲ್ಲಿದೆ, ತೋರ್ಸಿ,” ಅಂದರು ಶಿವಲಿಂಗಯ್ಯ.

“ನಾನು ಅದನ್ನ ಬಿಚ್ಚಬೇಕು ಸರ್.”

“ಯಾರನ್ನ, ಅಧ್ಯಕ್ಷರನ್ನಾ?” ಎಂದರು ಪ್ರೇಮಲೀಲಾ. “ಹೆಣ್ಣುಮಗಳಾಗಿ ಹಿಂಗೆಲ್ಲ ಮಾತಾಡಬಹುದೇನಮ್ಮ?”

ಮೊದಲನೇ ಉದ್ದೇಶಕ್ಕೆ ಅಲ್ಲೇ ತಿದ್ದುಪಡಿಯಾಯಿತು: ‘ವಿದ್ಯಾರ್ಥಿಗಳು ಪೆಟ್ಟಿಗೆ ಬಿಚ್ಚದೆ ಪ್ರೊಸೆಸರನ್ನು ಗುರುತಿಸುವರು.’

ಜುಲೈ ಮೂವತ್ತರಂದು ಉದ್ಘಾಟನೆ. ಅಧ್ಯಕ್ಷರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಏಲಕ್ಕಿ ಹಾರ ಹಾಕಲಾಯಿತು. ಪೇಟ ಎರಡು ಸಲ ಜಾರಿತು. ಜವರಯ್ಯ ಹಿಂದೆ ನಿಂತು ಹಿಡಿದುಕೊಂಡರು. ಅಧ್ಯಕ್ಷರು ಮಾತಾಡಲಿಲ್ಲ. ಇಷ್ಟು ಸಮಯಪ್ರಜ್ಞೆಯುಳ್ಳ ಅಧ್ಯಕ್ಷರನ್ನು ತಾವು ಕಂಡಿರಲಿಲ್ಲವೆಂದು ಮಹಾಪೋಷಕರು ಮುಕ್ಕಾಲು ಗಂಟೆ ಹೊಗಳಿದರು. ವೇದಿಕೆಯ ಮೇಲೇ ಸುಚಿತ್ರಾಳಿಗೆ ಆದೇಶಪತ್ರ ಕೊಟ್ಟರು. ಹುದ್ದೆಯ ಹೆಸರು ‘ಅತಿಥಿ ಸಂಘಟನಾ ಕಾರ್ಯದರ್ಶಿ’ ಎಂದಿತ್ತು. ಪಾಠ ಮಾಡಬೇಕೆಂದು ಅದರಲ್ಲಿರಲಿಲ್ಲ, ಮಾಡಬಾರದೆಂದೂ ಇರಲಿಲ್ಲ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಮರುದಿನ ಲ್ಯಾಬಿನಲ್ಲಿ ಮೊದಲ ತರಗತಿ. ಮುಂದಿನ ಬೆಂಚಿನ ರಕ್ಷಿತಾ, ಉದಯಗಿರಿಯಲ್ಲಿ ಸ್ಕೂಟರ್ ರಿಪೇರಿ ಮಾಡುವವರ ಮಗಳು, ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಎದ್ದು ನಿಂತಳು.

“ಮೇಡಂ, ನಾಲ್ಕೇ ಸ್ಕ್ರೂ. ಒಳಗೇನಿದೆ ಅಂತ ನೋಡ್ಬುಟ್ಟು ಹಂಗೇ ಮುಚ್ಬುಡ್ತೀನಿ. ಹಾರಾನೂ ಅಲ್ಲಾಡಲ್ಲ.”

ಸುಚಿತ್ರಾ ಶಾಲಿನ ಅಂಚು ಎತ್ತಿದಳು. ನಾಲ್ಕು ಸ್ಕ್ರೂಗಳ ಮೇಲೂ ಸಂಘ-ಸಂಸ್ಥೆಗಳ ಶಾಖೆಯ ಅರಗಿನ ಮುದ್ರೆಯಿತ್ತು. ಅವಳ ಕೈಚೀಲದಲ್ಲಿ ನಾಲ್ಕು ಮಡಿಕೆಯ ಆದೇಶಪತ್ರವಿತ್ತು. ಶಾಲು ಕೆಳಗೆ ಬಿಟ್ಟಳು.

“ಕೂತ್ಕೋ ಕಣಮ್ಮ. ಅಧ್ಯಕ್ಷರ ಅವಧಿ ಮೂರು ವರ್ಷ.”

“ನನ್ನ ಕೋರ್ಸೂ ಮೂರು ವರ್ಷವೇ ಮೇಡಂ.”

“ಹೂಂ,” ಅಂದಳು ಸುಚಿತ್ರಾ, ಹಾಜರಾತಿ ತೆಗೆದುಕೊಳ್ಳುತ್ತಾ.

ಡಿಸೆಂಬರ್ ಪರೀಕ್ಷೆಯಲ್ಲಿ ಉದ್ದೇಶಗಳೆಲ್ಲ ನೂರಕ್ಕೆ ನೂರು ಈಡೇರಿದವು. ಕಾಲೇಜಿನ ಇತಿಹಾಸದಲ್ಲೇ ಮೊದಲ ಸಲವಾದ್ದರಿಂದ ಶಿವಲಿಂಗಯ್ಯ ಪೇಡ ಹಂಚಿದರು. ‘ಪ್ರೊಸೆಸರ್ ಎಲ್ಲಿರುತ್ತದೆ?’ ಎಂಬ ಪ್ರಶ್ನೆಗೆ ರಕ್ಷಿತಾ ದುಂಡಗೆ ಬರೆದಿದ್ದಳು: ‘ಮಾನ್ಯ ಅಧ್ಯಕ್ಷರ ಒಳಗೆ ಇರುತ್ತದೆ. ಇದೆ ಎಂದು ಎಲ್ಲರೂ ಹೇಳುತ್ತಾರೆ.’

ಸುಚಿತ್ರಾ ಕೆಂಪು ಪೆನ್ನು ಹಿಡಿದು ಎರಡು ಸಲ ಓದಿದಳು. ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಪೂರ್ತಿ ಅಂಕ ಕೊಟ್ಟಳು.