ಹೊರಗೋಡೆಯನ್ನು ಹೊಗಳಿ ಕೆಟ್ಟೆ

ನನಗೆ ಅನುಮಾನ ಹೆಚ್ಚು ಎಂದು ನನ್ನ ಹೆಂಡತಿ ಸುಮಂಗಲಾ ಎಲ್ಲರ ಮುಂದೆ ಹೇಳುತ್ತಾಳೆ. ಹಾಗೆ ಹೇಳುವುದರಿಂದ ಅವಳಿಗೇನು ಲಾಭ ಎಂಬುದು ನನಗೆ ಬಹಳ ದಿನಗಳಿಂದ ಇರುವ ಅನುಮಾನ. ಹಾಗೆ ನೋಡಿದರೆ ನಮ್ಮ ಮನೆಯ ಒಲೆ ಉರಿಯುವುದೇ ನನ್ನ ಅನುಮಾನದಿಂದ. ಸಿಡ್ನಿಯ ಒಂದು ಕಂಪನಿಯಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದದ್ದರಲ್ಲಿ ಎಲ್ಲೋ ಏನೋ ತಪ್ಪಿದೆ ಎಂದು ದಿನವಿಡೀ ಶಂಕಿಸುತ್ತ ಕೂತರೆ ತಿಂಗಳಿಗೆ ಸಂಬಳ ಬರುತ್ತದೆ. ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಅನುಮಾನವನ್ನೂ ಮುಚ್ಚಿಡಿ ಎಂದರೆ ಹೇಗೆ? ಅಂಗಡಿಯಲ್ಲಿ ಹಾಲು ಕೊಳ್ಳುವಾಗ ಮುಂದಿನ ಬಾಟಲಿ ಬಿಟ್ಟು ಹಿಂದಿನ ಸಾಲಿಗೆ ಕೈ ಹಾಕುತ್ತೇನೆ. ಸೇಲ್ ಎಂದು ಬರೆದ ಚೀಟಿಯನ್ನು ಎತ್ತಿ, ಕೆಳಗಿರುವ ಹಳೆಯ ಬೆಲೆ ಏನಿತ್ತೆಂದು ನೋಡುತ್ತೇನೆ. ಗುರುತಿಲ್ಲದವರು ದಾರಿಯಲ್ಲಿ "ಹೌ ಆರ್ ಯು" ಎಂದರೆ, ಇವರು ಯಾಕೆ ಕೇಳುತ್ತಿದ್ದಾರೆ ಎಂದು ಒಂದು ಕ್ಷಣ ಯೋಚಿಸಿಯೇ "ಗುಡ್" ಎನ್ನುತ್ತೇನೆ. ಇಂಥವನ ಪಾಲಿಗೆ ಒಂದು ಮನೆಯ ಹೊರಗೋಡೆಯನ್ನು ಆರಿಸುವ ಕೆಲಸ ಬಂದರೆ ಏನಾಗಬೇಡ!

ನಮ್ಮ ಮನೆ ಇರುವುದು ಸಿಡ್ನಿಯ ಗಿರಾವೀನ್ ಎಂಬ ಬಡಾವಣೆಯಲ್ಲಿ. ಸುತ್ತಮುತ್ತ ಹಳೆಯ ಮನೆಗಳನ್ನು ಕೆಡವಿ ಎರಡೆರಡು ಅಂತಸ್ತು ಎಬ್ಬಿಸಿದವರ ನಡುವೆ ನಮ್ಮದೊಂದು ಚಿಕ್ಕ ಹಳೆಯ ಮನೆ, ಮದುವೆ ಫೋಟೋದಲ್ಲಿ ಎತ್ತರದವರ ಮಧ್ಯೆ ಸಿಕ್ಕಿಕೊಂಡ ಕುಳ್ಳನ ಹಾಗೆ ನಿಂತಿದೆ. ಇಲ್ಲಿನ ಹಳೆಯ ಮನೆಗಳೆಂದರೆ ಕಟ್ಟಿಗೆಯ ಹಂದರ, ಅದರ ಹೊರಗೆ ಬಡಿದ ತೆಳ್ಳಗಿನ ಹಾಳೆ, ಅಷ್ಟೇ. ಆ ಹೊರಹೊದಿಕೆಗೆ ಕ್ಲ್ಯಾಡಿಂಗ್ ಎನ್ನುತ್ತಾರೆ. ಧಾರವಾಡದಲ್ಲಿ ಕಲ್ಲುಗೋಡೆಗೆ ಬೆನ್ನು ಆನಿಸಿ ಬೆಳೆದ ನನಗೆ ಮೊಳೆ ಹೊಡೆದು ನಿಲ್ಲಿಸಿದ ಗೋಡೆಯ ಮೇಲೆ ಮೊದಲ ದಿನದಿಂದಲೂ ನಂಬಿಕೆ ಇರಲಿಲ್ಲ. ಸಾಲದ್ದಕ್ಕೆ ಹಿತ್ತಲಿನ ಕಡೆಯ ಹಾಳೆ ಬಿರುಕು ಬಿಟ್ಟಿತು. ಪರೀಕ್ಷೆ ಮಾಡಿಸಿದರೆ ಅದರಲ್ಲಿ ಶ್ವಾಸಕೋಶಕ್ಕೆ ಕೇಡು ಮಾಡುವ ಆಸ್ಬೆಸ್ಟಾಸ್ ಇದೆ ಎಂದು ಗೊತ್ತಾಯಿತು. ಲೈಸೆನ್ಸ್ ಇದ್ದವರು ಬಿಳಿ ಉಡುಪು, ಮುಖವಾಡ ತೊಟ್ಟು ಬಂದು ಎಲ್ಲವನ್ನೂ ಜೋಪಾನವಾಗಿ ಬಿಚ್ಚಿ ಒಯ್ದರು. ಹೋಗುವ ಮುಂಚೆ ಮನೆಯ ಸುತ್ತ ಬೆಳ್ಳಿ ಬಣ್ಣದ ಒಂದು ಹಾಳೆ ಸುತ್ತಿ, "ಇದು ತಾತ್ಕಾಲಿಕ, ಬಿಸಿಲಿನಲ್ಲಿ ಬಹಳ ವಾರ ಬಾಳುವುದಿಲ್ಲ, ಬೇಗ ಕ್ಲ್ಯಾಡಿಂಗ್ ಹಾಕಿಸಿ" ಎಂದರು. ಫಾಯಿಲ್‌ನಲ್ಲಿ ಸುತ್ತಿದ ಚಪಾತಿಯಂಥ ಮನೆಯೊಳಗೆ ನಾವು ಮೂವರು, ಅಂದರೆ ನಾನು, ಸುಮಂಗಲಾ, ಮಗಳು ಅದಿತಿ, ಬದುಕತೊಡಗಿದೆವು. ಗಾಳಿ ಬೀಸಿದಾಗಲೆಲ್ಲ ಮನೆ ಪಟಪಟ ಎನ್ನುತ್ತಿತ್ತು. ಚಳಿಗಾಲದ ಮಳೆ ಶುರುವಾಗುವುದರೊಳಗೆ ಗೋಡೆ ಮುಚ್ಚಬೇಕಿತ್ತು, ಮುಚ್ಚುವ ಭರದಲ್ಲಿ ಯಾರ ಕೈಯಲ್ಲೂ ನಾನು ಮೋಸ ಹೋಗಬಾರದಿತ್ತು.

ಶೋರೂಮುಗಳ ಸುತ್ತಾಟ ಆರಂಭವಾಯಿತು. ಅಲ್ಲಿ ನನ್ನ ಅನುಮಾನಕ್ಕೆ ಹಬ್ಬವೋ ಹಬ್ಬ. ಮರದಂತೆ ಕಾಣುವ ಪ್ಲಾಸ್ಟಿಕ್ಕು, ಮರದಂತೆ ಕಾಣುವ ಸಿಮೆಂಟು, ಮರದಂತೆ ಕಾಣುವ ಅಲ್ಯೂಮಿನಿಯಂ, ಎಲ್ಲವೂ ಇದ್ದವು. ಮೂಲೆಯಲ್ಲಿದ್ದ ನಿಜವಾದ ಮರಕ್ಕೆ ಮಾತ್ರ ದಪ್ಪ ಬಣ್ಣ ಬಳಿದು ಅದು ಮರವೆಂದು ಯಾರಿಗೂ ಗೊತ್ತಾಗದಂತೆ ಮಾಡಿದ್ದರು. ಒಬ್ಬ ಸೇಲ್ಸ್‌ಮನ್ "ಲೈಫ್‌ಟೈಮ್ ವಾರಂಟಿ" ಎಂದ. "ಯಾರ ಲೈಫು?" ಎಂದು ಕೇಳಿದೆ. ಅವನು ನಕ್ಕ. ನಾನು ನಗಲಿಲ್ಲ. ನನ್ನ ಲೈಫೋ, ಗೋಡೆಯ ಲೈಫೋ, ಅಥವಾ ಕಂಪನಿಯ ಲೈಫೋ ಎಂಬುದು ನ್ಯಾಯವಾದ ಪ್ರಶ್ನೆಯಲ್ಲವೇ? ಎಲ್ಲ ಕಡೆಯೂ ಸ್ಯಾಂಪಲ್ ಕೊಡುವ ಮುಂಚೆ ಫೋನ್ ನಂಬರ್ ಕೇಳಿದರು. ನಂಬರ್ ಕೊಟ್ಟರೆ ಜೀವನಪೂರ್ತಿ ಕಾಟ ತಪ್ಪುವುದಿಲ್ಲ ಎಂದು ಗೊತ್ತಿದ್ದ ನಾನು ಜಾಣತನದಿಂದ ಸುಮಂಗಲಾಳ ನಂಬರ್ ಬರೆಸಿಬಂದೆ. ಆಮೇಲೆ ಕೆಲಸಕ್ಕೆ ಗೊತ್ತುಮಾಡಿದ ಗ್ರೆಗ್ ಎಂಬ ಕಾರ್ಪೆಂಟರನಿಗೂ ಅದೇ ನಂಬರನ್ನೇ ಕೊಟ್ಟೆ.

ತಂದ ಸ್ಯಾಂಪಲ್ಲುಗಳನ್ನು ಹಾಗೇ ನಂಬಿಬಿಡಲಾದೀತೇ? ಒಂದನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟೆ. ಒಂದನ್ನು ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ಪು ಹಾಕಿ ಬಿಸಿಲಿಗೆ ನೇತುಹಾಕಿದೆ. ಒಂದನ್ನು ಕಾರಿನ ಕೀಲಿಯಿಂದ ಗೀಚಿದೆ. ಇನ್ನೊಂದಕ್ಕೆ ಅರಿಶಿನ ಹಚ್ಚಿ, ಕಲೆ ಹೋಗುತ್ತದೆಯೇ ಎಂದು ಉಜ್ಜಿದೆ. ಹಿತ್ತಲಿಗೆ ಬಂದ ಸುಮಂಗಲಾ ಸೊಂಟದ ಮೇಲೆ ಕೈಯಿಟ್ಟು ನಿಂತು, "ಏನ್ರೀ ಇದು, ಮನಿಗೆ ಗ್ವಾಡಿ ಹಾಕಸ್ತೀರೋ, ಉಪ್ಪಿನಕಾಯಿ ಹಾಕ್ತೀರೋ?" ಎಂದಳು. ಅದಿತಿ ಫೋನಿನಿಂದ ಕಣ್ಣೆತ್ತದೆ, "ಅಪ್ಪಾ, ಇಟ್ಸ್ ಜಸ್ಟ್ ಅ ವಾಲ್" ಎಂದಳು. ಈ ದೇಶದಲ್ಲಿ ಹುಟ್ಟಿದ ಮಕ್ಕಳಿಗೆ ಯಾವ ಗೋಡೆಯೂ ಬರೀ ಗೋಡೆಯೇ, ಯಾವ ಮನೆಯೂ ಬರೀ ಮನೆಯೇ. ಮನೆಸಾಲದ ಕಂತು ಕಟ್ಟುವವನಿಗೆ ಮಾತ್ರ ಮೊಳೆ ಮೊಳೆಯ ಮೇಲೂ ಕಣ್ಣು.

ಇದೇ ಹೊತ್ತಿಗೆ ಮೆಲ್ಬರ್ನ್‌ನಿಂದ ಸುಮಂಗಲಾಳ ತಮ್ಮ ಆನಂದ ವಿಡಿಯೋ ಕಾಲ್ ಮಾಡಿದ. ಅವನದು ಅಲ್ಲಿನ ಕ್ಲೈಡ್ ನಾರ್ತ್ ಬಡಾವಣೆಯಲ್ಲಿ ಹೊಚ್ಚಹೊಸ ಇಟ್ಟಂಗಿ ಮನೆ. "ಭಾವಾ, ಆ ಹಳೇ ಮನಿಗೆ ಅಂಗಿ ಹೊಲಸೂದ ಬಿಡ್ರಿ. ಕೆಡವಿ ಹೊಸಾದ ಕಟ್ರಿ. ಇಟ್ಟಂಗಿ ಅಂದ್ರ ಇಟ್ಟಂಗಿ" ಎಂದು ಉಪದೇಶ ಮಾಡಿದ. ಹಿಂದಿನ ಸಲ ಅವನ ಮನೆಗೆ ಹೋದಾಗ ಎಲ್ಲರೂ ಊಟಕ್ಕೆ ಕೂತ ಸಮಯ ನೋಡಿ ನಾನು ಅವನ ಗೋಡೆಯನ್ನು ಒಳಗಿನಿಂದ ಬಡಿದು ನೋಡಿದ್ದೆ. ಡಬ್ ಡಬ್ ಎಂದು ಪೊಳ್ಳು ಸದ್ದು ಬಂದಿತ್ತು. ಆಮೇಲೆ ವಿಚಾರಿಸಿದರೆ ಅಲ್ಲೂ ಒಳಗೆ ಕಟ್ಟಿಗೆಯ ಹಂದರವೇ, ಇಟ್ಟಂಗಿಯದು ಹೊರಗೆ ಒಂದೇ ಸಾಲು. ಅದೂ ಒಂದು ಅಂಗಿಯೇ, ಸ್ವಲ್ಪ ದಪ್ಪ ಬಟ್ಟೆಯದು. ಇದನ್ನು ನಾನು ಅವನಿಗೆ ಇವತ್ತಿನವರೆಗೂ ಹೇಳಿಲ್ಲ. ಸಂಬಂಧಿಕರ ಬಗ್ಗೆ ಇಂಥದೊಂದು ವಿಷಯ ಕೈಯಲ್ಲಿದ್ದರೆ ಮನಸ್ಸಿಗೆ ಒಂಥರಾ ಧೈರ್ಯ.

ಎಲ್ಲ ಅಗ್ನಿಪರೀಕ್ಷೆಗಳನ್ನು ಗೆದ್ದು ಕೊನೆಗೆ ಉಳಿದದ್ದು ಸಿಮೆಂಟಿನ ನಾರುಹಲಗೆ. ಅದರಲ್ಲಿ ಎರಡು ಬಣ್ಣ. ಒಂದು ಬೂದು, ಅಗಲ ಹಲಗೆ. ಇನ್ನೊಂದು ತಿಳಿ ಹಸಿರು, ಕಿರಿದಾದ ಹಲಗೆ. ನನ್ನ ಮನಸ್ಸು ಬೂದು ಬಣ್ಣದ ಮೇಲೆ ಗಟ್ಟಿಯಾಗಿ ಕೂತಿತು. ಧೂಳು ಕಾಣುವುದಿಲ್ಲ, ಗಂಭೀರವಾಗಿರುತ್ತದೆ, ಮುಂದೆ ಮಾರುವಾಗಲೂ ಯಾರೂ ಮೂಗು ಮುರಿಯುವುದಿಲ್ಲ. ಸುಮಂಗಲಾ ಒಮ್ಮೆ ಮಾತ್ರ, "ಹಸರ ಕಣ್ಣಿಗೆ ತಂಪ ಐತ್ರಿ. ಬೂದಿ ಬಣ್ಣದ್ದು ಸನ್ಯಾಸಿ ಮನಿ ಆದಂಗ ಆಕ್ಕೈತಿ" ಎಂದಳು. ನಾನು ಒಪ್ಪಲಿಲ್ಲ. ಆಮೇಲೆ ಅವಳು ಆ ಮಾತನ್ನೇ ಎತ್ತಲಿಲ್ಲ. ಹದಿನೈದು ವರ್ಷದ ಸಂಸಾರದಲ್ಲಿ ಅವಳು ಒಂದು ಮಾತನ್ನು ಒಂದೇ ಸಲ ಹೇಳಿ ಬಿಟ್ಟದ್ದು ಅದೇ ಮೊದಲು. ಅನುಮಾನ ಪಡಬೇಕಾದ ಜಾಗ ಅದಾಗಿತ್ತು. ಆದರೆ ನಾನು ಆಗ ಗ್ರೆಗ್‌ನ ಮೇಲೆ ಅನುಮಾನ ಪಡುವುದರಲ್ಲಿ ಮುಳುಗಿದ್ದೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಲೇಬೇಕು. ನನ್ನ ಅವ್ವ ಸೀರೆ ಕೊಳ್ಳಲು ಧಾರವಾಡದಿಂದ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗುತ್ತಿದ್ದಳು. ಅಂಗಡಿಯವನು ರಾಶಿ ಹರವಿದಾಗ ಅವಳಿಗೆ ಬೇಕಾದ ಸೀರೆ ಯಾವುದೆಂದು ಕಣ್ಣಿಗೆ ಮೊದಲೇ ಗೊತ್ತಾಗಿರುತ್ತಿತ್ತು. ಆದರೆ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಮುಖ ಸಿಂಡರಿಸಿ, "ಇದೇನ್ರೀ, ಒಗದ ಕೂಡಲೇ ಬಣ್ಣ ಬಿಡೂಹಂಗ ಕಾಣಸ್ತೈತಿ" ಎಂದು ಆಚೆ ತಳ್ಳುತ್ತಿದ್ದಳು. ಬೇಡವಾದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗು ಸವರಿ ಸವರಿ ಹೊಗಳುತ್ತಿದ್ದಳು. ಅಂಗಡಿಯವನೂ ಹುಬ್ಬಳ್ಳಿಯವನೇ. ತೊಡೆಯ ಮೇಲಿನದು ಇವಳಿಗೆ ಬೇಡ, ಆಚೆ ತಳ್ಳಿದ್ದೇ ಬೇಕು ಎಂದು ಅವನಿಗೂ ಗೊತ್ತು. ಗೊತ್ತಿದೆ ಎಂದು ಅವ್ವನಿಗೂ ಗೊತ್ತು. ಆಮೇಲೆ ಅವ್ವ ಎದ್ದು ಮೆಟ್ಟಿಲು ಇಳಿಯಬೇಕು, ಅವನು "ಬರ್ರಿ ಅಕ್ಕಾರ, ಆ ಬಣ್ಣ ಬಿಡೂ ಸೀರೀನ ಒಯ್ಯಿರಿ, ನಿಮ್ಮ ಸಲುವಾಗಿ ಬಿಟ್ಟ ಕೊಡ್ತೀನಿ" ಎಂದು ಕರೆಯಬೇಕು. ಇಬ್ಬರೂ ಸುಳ್ಳು ಹೇಳಿ, ಇಬ್ಬರೂ ಸಂತೋಷವಾಗಿ ವ್ಯವಹಾರ ಮುಗಿಯುತ್ತಿತ್ತು. ನನಗೆ ಗೊತ್ತಿರುವ ಒಂದೇ ವ್ಯಾಪಾರ ಅದು.

ಗ್ರೆಗ್ ಒಂದು ಶನಿವಾರ ಬೆಳಿಗ್ಗೆ ಎರಡು ಹಲಗೆಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದ. ಕೆಂಪು ಗಡ್ಡ, ಚಳಿಯಲ್ಲೂ ಚಡ್ಡಿ, ಹೆಚ್ಚು ಮಾತಿಲ್ಲದ ಮನುಷ್ಯ. ಎರಡನ್ನೂ ಮನೆಗೆ ಆನಿಸಿ ನಿಲ್ಲಿಸಿ, "ಯಾವುದು, ಮೇಟ್?" ಎಂದ. ನನ್ನ ಕಣ್ಣು ಬೂದು ಹಲಗೆಯತ್ತ ಓಡುವುದನ್ನು ಕಷ್ಟಪಟ್ಟು ತಡೆದು, ಹಸಿರಿನ ಮುಂದೆ ನಿಂತೆ. ಕೈಯಿಂದ ಸವರಿದೆ. ಇಂಥ ಬಣ್ಣವನ್ನು ನಾನು ಕಂಡೇ ಇಲ್ಲ, ಇದು ಅದ್ಭುತ, ಇದು ಈ ಮನೆಗೆಂದೇ ಹುಟ್ಟಿದೆ ಎಂದು ಇಂಗ್ಲಿಷಿನಲ್ಲಿ ಗೊತ್ತಿದ್ದ ಹೊಗಳಿಕೆಯನ್ನೆಲ್ಲ ಸುರಿದೆ. ಬೂದು ಹಲಗೆಯನ್ನು ಬೆರಳಿನಿಂದ ತಟ್ಟಿ, ಇದು ತೀರ ಮಂಕು, ಜೈಲಿನ ಗೋಡೆಯ ಹಾಗಿದೆ, ಇದನ್ನು ಯಾರಾದರೂ ಕೊಳ್ಳುತ್ತಾರೆಯೇ, ಬಹಳ ಕಡಿಮೆಗೆ ಕೊಟ್ಟರೆ ಬೇಕಾದರೆ ನೋಡಬಹುದು ಎಂದೆ. ಗ್ರೆಗ್ ಗಡ್ಡ ಕೆರೆದುಕೊಂಡ. "ನಾನು ಬೂದು ಹೇಳೋಣ ಅಂತಿದ್ದೆ. ಆದರೆ ಹಸಿರು ಇಷ್ಟು ಇಷ್ಟವಾದರೆ..." ಎಂದ. ಆಹಾ, ಬಂದ ದಾರಿಗೆ ಎಂದುಕೊಂಡೆ. ಅವನೂ ಬೂದನ್ನೇ ಮಾರಲು ನೋಡುತ್ತಿದ್ದಾನೆ, ಇನ್ನೊಂದು ಸುತ್ತಿನ ಮಾತಿನಲ್ಲಿ ಬೆಲೆ ಇಳಿಸುತ್ತಾನೆ. ಪದ್ಧತಿಯ ಪ್ರಕಾರ ನಾನು "ಯೋಚನೆ ಮಾಡ್ತೀನಿ" ಎಂದು ಮನೆಯೊಳಗೆ ನಡೆದೆ. ಅವನು ಹಿಂದಿನಿಂದ ಕರೆಯಬೇಕಿತ್ತು. "ನೋ ವರೀಸ್" ಎಂದ. ಸ್ವಲ್ಪ ಹೊತ್ತಿಗೆ ಅವನ ಗಾಡಿ ಹೊರಟ ಸದ್ದು ಕೇಳಿಸಿತು. ಗಟ್ಟಿ ಆಸಾಮಿ, ಒಂದೆರಡು ದಿನ ಬಿಟ್ಟು ಕರೆಯುತ್ತಾನೆ ಎಂದು ಕಾದೆ.

ಆ ವಾರ ನನಗೆ ಆಫೀಸಿಗೆ ಹೋಗುವ ಸರದಿ. ಒಂದು ದಿನ ಬೆಳಿಗ್ಗೆ ಬೆಳ್ಳಿ ಬಣ್ಣದ ಮನೆ ಬಿಟ್ಟು ಹೋದವನು ಸಂಜೆ ಸ್ಟೇಷನ್‌ನಿಂದ ನಡೆದು ಬಂದು ತಿರುವಿನಲ್ಲಿ ನಿಂತೇಬಿಟ್ಟೆ. ಮನೆಯ ಮುಂದುಗಡೆ ಪೂರ್ತಿ ಹಸಿರಾಗಿತ್ತು. ಏಣಿಯ ಮೇಲೆ ಗ್ರೆಗ್ ನಿಂತಿದ್ದ. ನನ್ನನ್ನು ಕಂಡು, ಹಲ್ಲಿನಲ್ಲಿ ಮೊಳೆ ಕಚ್ಚಿಕೊಂಡೇ ಹೆಬ್ಬೆರಳು ಎತ್ತಿದ. ಗೇಟಿನ ಹತ್ತಿರ ಸುಮಂಗಲಾ ಚಹಾದ ಲೋಟ ಹಿಡಿದು ಗೋಡೆಯನ್ನು ನೋಡುತ್ತಿದ್ದಳು.

"ಏನಿದು?" ಎಂದೆ.

"ಗ್ರೆಗ್ ಫೋನ್ ಮಾಡಿದ್ದಾ. ನಿಮ್ಮ ಯಜಮಾನ್ರಿಗೆ ಹಸರ ಭಾಳ ಸೇರೈತಿ, ಅದನ್ನ ತರಸ್ಲೇನು, ಮಳಿ ಬರೂದ್ರಾಗ ಮುಗಸ್ತೀನಿ ಅಂದಾ. ಹೂಂ ಅಂದೆ."

"ನನ್ನ ಒಂದ ಮಾತ ಕೇಳಬಾರದಿತ್ತೇನ?"

"ಕೇಳೂದೇನೈತ್ರೀ? ನೀವ ಅವನ ಮುಂದ ಅಷ್ಟ ಹೊಗಳಿದ್ರಲ್ಲ. ನಾ ಅಡಗಿಮನಿ ಕಿಡಕ್ಯಾಗಿಂದ ಎಲ್ಲಾ ಕೇಳಿದೆ."

"ಹೊಗಳಿದ್ದು ಖರೆ. ಆದರ..."

"ಆದರ?" ಎಂದು ಅವಳು ನನ್ನ ಮುಖವನ್ನೇ ನೋಡಿದಳು. ಎಳೆಮಗುವಿನಂಥ ಮುಖ. ಆ ವಾಕ್ಯವನ್ನು ನಾನು ಹೇಗೆ ಮುಗಿಸಲಿ? ಗ್ರೆಗ್‌ನಿಗೆ, ಅಪ್ಪಾ, ನಾನು ಹೇಳಿದ್ದೆಲ್ಲ ಸುಳ್ಳು, ಬಿಚ್ಚು ಎನ್ನಲೇ? ನಮ್ಮೂರಿನಲ್ಲಿ ಸಣ್ಣ ಅಂಗಡಿಯ ಹುಡುಗನಿಗೂ ತಿಳಿಯುವ ಇಷ್ಟು ಸರಳ ಸುಳ್ಳನ್ನು ನಿಜವೆಂದು ನಂಬಿದ ಆ ಮನುಷ್ಯನ ಮೇಲೆ ಸಿಟ್ಟು ಬಂತು. ಜೀವನದಲ್ಲಿ ಮೊದಲ ಬಾರಿಗೆ ಒಬ್ಬ ಕೆಲಸದವನು ಒಂದಿಷ್ಟೂ ಮೋಸ ಮಾಡದೆ ನನ್ನನ್ನು ಹೀಗೆ ಸಿಕ್ಕಿಸಿಬಿಟ್ಟಿದ್ದ.

ಗ್ರೆಗ್‌ನದು ಬಿಡಿ, ಅವನು ಈ ಊರಿನವನು. ಆದರೆ ಸುಮಂಗಲಾ? ಅವಳು ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದವಳು. ಅವಳನ್ನು ನೋಡಲು ಹೋದ ದಿನ ನನ್ನ ಅವ್ವ ಉಪ್ಪಿಟ್ಟಿನ ಪ್ಲೇಟು ಹಿಡಿದು, "ಹುಡುಗಿ ಎತ್ತರ ಸ್ವಲ್ಪ ಕಡಿಮಿ ಅನಸ್ತೈತಿ" ಎಂದು ಮುಖ ಸಿಂಡರಿಸಿದ್ದಳು. ಅದನ್ನು ಕೇಳಿದ್ದೇ ತಡ, ಅವಳ ತಾಯಿ ಖುಷಿಯಿಂದ ಒಳಗೆ ಹೋಗಿ ಸಂಬಂಧ ಕುದುರಿತೆಂದು ಸಿಹಿಗೆ ಶಿರಾ ಮಾಡಲು ಹೇಳಿದ್ದರು. ಬಾಗಿಲ ಸಂದಿಯಲ್ಲಿ ಸುಮಂಗಲಾ ನಗುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ತೆಗಳಿದರೆ ಬೇಕು, ಹೊಗಳಿದರೆ ಬೇಡ ಎಂಬ ಲೆಕ್ಕ ತನ್ನ ಮದುವೆಯಲ್ಲೇ ಗೊತ್ತಿದ್ದವಳಿಗೆ ಗೋಡೆಯ ವಿಷಯದಲ್ಲಿ ಮರೆತುಹೋಯಿತೇ? ಕೇಳೋಣವೆಂದರೆ ಅವಳ ಉತ್ತರ ಸಿದ್ಧವಾಗಿದೆ. "ಅಯ್ಯ, ನೀವು ಸುಳ್ಳ ಹೇಳ್ತೀರಿ ಅಂತ ನಾ ಹೆಂಗ ಅನುಮಾನ ಪಡ್ಲಿ?" ಎನ್ನುತ್ತಾಳೆ. ಹೀಗಾಗಿ ಕೇಳಿಲ್ಲ. ಒಳಗೊಳಗೇ ಬೇಯುತ್ತ ಕೆಲವು ವಾರ ಕಳೆದೆ. ಆನಂದ ಮೆಲ್ಬರ್ನ್‌ನಿಂದ ಫೋಟೋ ನೋಡಿ ಭಾಳ ಛಲೋ ಐತಿ ಎಂದಾಗಲೂ ಅಕ್ಕ ತಮ್ಮ ಮೊದಲೇ ಮಾತಾಡಿಕೊಂಡಿದ್ದರೋ ಏನೋ ಎನಿಸಿತು.

ಮಳೆ ಬಂತು. ಒಂದು ಹನಿ ಒಳಗೆ ಇಳಿಯಲಿಲ್ಲ. ಗಾಳಿಗೆ ಮನೆ ಪಟಪಟ ಎನ್ನುವುದು ನಿಂತು ಮೂವರಿಗೂ ಚೆನ್ನಾಗಿ ನಿದ್ದೆ ಹತ್ತಿತು. ಮಳೆ ನಿಂತ ಒಂದು ಭಾನುವಾರ ಬೆಳಿಗ್ಗೆ ಕಸದ ಡಬ್ಬಿ ಹೊರಗಿಡಲು ಹೋದವನು ತಿರುಗಿ ನೋಡಿದೆ. ತೊಳೆದ ಗೋಡೆಯ ಮೇಲೆ ಎಳೆಬಿಸಿಲು ಬಿದ್ದಿತ್ತು. ಏನು ಹೇಳಲಿ, ಚೆಂದ ಕಾಣುತ್ತಿತ್ತು. ಬೂದು ಬಣ್ಣವಾಗಿದ್ದರೆ ನಾನು ತಿರುಗಿಯೂ ನೋಡುತ್ತಿರಲಿಲ್ಲ. ಎಷ್ಟೋ ದಿನಗಳ ಮೇಲೆ ಮನಸ್ಸು ಹಗುರಾಯಿತು. ಅಲ್ಲಿಯೇ ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಿದ್ದ ಸುಮಂಗಲಾಳ ಪಕ್ಕ ಹೋಗಿ ನಿಂತೆ. ಈ ಒಂದು ಸಲ ಯಾವ ಲೆಕ್ಕಾಚಾರವೂ ಇಲ್ಲದೆ, ಮನಸ್ಸು ಬಿಚ್ಚಿ ಹೇಳಿದೆ.

"ಸುಮಂಗಲಾ, ಈ ಹಸರ ಗ್ವಾಡಿ ಖರೇನ ಭಾಳ ಛಂದ ಆಗೇತಿ ನೋಡು. ನನಗ ಭಾಳ ಸೇರೇತಿ."

ಅವಳು ನೀರಿನ ಚೊಂಬು ಕೆಳಗಿಟ್ಟು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಇನ್ನೂ ಸಿಟ್ಟ ಇಳದಿಲ್ಲೇನ್ರೀ ನಿಮ್ಮದು?" ಎಂದಳು.