ಯಾರನ್ನೂ ಕೇಳದ ಕಿವಿ

ನಮ್ಮ ಮಾಮಾನ ಕಿವಿಯಂಥ ಕಿವಿ ಇಡೀ ಪುಣೆಯಲ್ಲಿ ಇನ್ನೊಂದಿಲ್ಲ. ಒಂದು ವೇಳೆ ಇದ್ದರೆ, ಆ ಕಿವಿಯ ಜೊತೆ ಸಂಸಾರ ಮಾಡುತ್ತಿರುವವರಿಗೆ ನನ್ನ ಹೃತ್ಪೂರ್ವಕ ಸಂತಾಪಗಳು!

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಗದಗಿನ ಕಡೆಯವನು. ಹಾರ್ಮೋನಿಯಂ ರಿಪೇರಿ ಕಲಿಯುತ್ತೇನೆಂದು ಪುಣೆಗೆ ಬಂದವನು ಅಲ್ಲಿನ ಕ್ಯಾಂಪ್ ಬಡಾವಣೆಯ ಒಬ್ಬ ಗೋವಾದ ಮುದುಕನ ಕೈಗೆ ಸಿಕ್ಕು ಪಿಯಾನೋ ಶ್ರುತಿ ಮಾಡುವವನಾದ. ನಮ್ಮ ಬಳಗದಲ್ಲಿ ಮಾಸ್ತರರಿದ್ದಾರೆ, ಕಿರಾಣಿ ಅಂಗಡಿಯವರಿದ್ದಾರೆ, ಒಬ್ಬ ಕಂಡಕ್ಟರೂ ಇದ್ದಾನೆ. ಪಿಯಾನೋವನ್ನು ಕಣ್ಣಾರೆ ಕಂಡವರು ಮಾತ್ರ ಇರಲಿಲ್ಲ. ಹೆಣ್ಣು ಕೊಡುವಾಗ ಮಾಮಿಯ ತಂದೆಗೆ ಯಾರೋ "ಹುಡುಗ ದೊಡ್ಡ ದೊಡ್ಡ ಪೇಟಿ ರಿಪೇರಿ ಮಾಡ್ತಾನ್ರಿ" ಎಂದು ಹೇಳಿದ್ದರಂತೆ. ನಮ್ಮ ಕಡೆ ಹಾರ್ಮೋನಿಯಮ್ಮಿಗೂ ಪೇಟಿ, ಟ್ರಂಕಿಗೂ ಪೇಟಿ. ಅವರು ಟ್ರಂಕಿನ ಅಂಗಡಿ ಇರಬೇಕೆಂದು ತಿಳಿದು, ಮಗಳ ಬಟ್ಟೆಬರೆಯನ್ನು ಗಂಟು ಕಟ್ಟಿ ಕಳಿಸಿದರು. ಪೇಟಿ ಹೇಗೂ ಅಳಿಯನ ಮನೆಯಲ್ಲೇ ಸಿಗುತ್ತದಲ್ಲ!

ಮಾಮಾನ ಕೆಲಸ ಹೇಳಲು ಸುಲಭ. ಪಿಯಾನೋದ ಹೊಟ್ಟೆಯೊಳಗೆ, ಬೆರಳಿನಿಂದ ಒತ್ತುವ ಹೆಚ್ಚಿನ ಪಟ್ಟಿಗಳಿಗೆಲ್ಲ ಮೂರು ಮೂರು ತಂತಿ. ಮೂರೂ ಒಂದೇ ಗಂಟಲಿನಿಂದ ಬಂದ ಹಾಗೆ ನುಡಿಯಬೇಕು. ಒಂದು ಕೂದಲೆಳೆಯಷ್ಟು ಸಡಿಲಾದರೂ ಸ್ವರ ನಡುಗುತ್ತದೆ. ಆ ನಡುಕವನ್ನು ಕಿವಿಯಲ್ಲಿ ಹಿಡಿದು, ಕೀಲಿ ಹಾಕಿ ತಂತಿ ಬಿಗಿಯುತ್ತಾ, ಅದು ಅಡಗಿ ನಿಲ್ಲುವಂತೆ ಮಾಡುವುದೇ ಅವನ ಕೆಲಸ. ಆದರೆ ಕೆಲಸ ಮುಗಿದ ಮೇಲೆ ಕೀಲಿಯನ್ನು ಚೀಲಕ್ಕೆ ಹಾಕಿದ ಹಾಗೆ ಕಿವಿಯನ್ನೂ ಚೀಲಕ್ಕೆ ಹಾಕಿ ಇಡಲು ಬರುತ್ತದೆಯೇ? ಅದು ಮಾಮಾನ ಜೊತೆ ಮನೆಗೂ ಬರುತ್ತಿತ್ತು.

ಹಾಗಾಗಿ ಮಾಮಿಯ ಕುಕ್ಕರಿಗೆ ಎದುರುಮನೆ ಜೋಶಿ ಕಾಕೂ ಅವರ ಅಡುಗೆಮನೆಯೇ ತವರುಮನೆ. ಅಲ್ಲಿ ಹೋಗಿ ಸೀಟಿ ಹೊಡೆದು ಬರಬೇಕು. ಮಿಕ್ಸರ್ ತಿರುಗಿಸುವ ಮೊದಲು ಮಾಮಾನನ್ನು ಕೊತ್ತಂಬರಿ ತರಲು ಕಳಿಸಬೇಕು. ಮನೆಯಲ್ಲಿ ಕೊತ್ತಂಬರಿ ರಾಶಿ ಬಿದ್ದಿದ್ದರೂ ಸರಿ. ಪಿಯಾನೋದೊಳಗೆ ಹಾಕಿ ಉಳಿದ ಕೆಂಪು ಉಣ್ಣೆಬಟ್ಟೆಯ ಚೂರುಗಳು ಕುರ್ಚಿಯ ಕಾಲಿಗೆ, ಕಪಾಟಿನ ಬಾಗಿಲಿಗೆ, ಡಬ್ಬಿಯ ಮುಚ್ಚಳಕ್ಕೆ ಅಂಟಿ ಕೂತಿದ್ದವು. ಕೊನೆಗೆ ಮಾಮಿಯ ಬಳೆಗಳೂ ಪಾರಾಗಲಿಲ್ಲ. ಬಳೆ ಬಳೆಗೆ ತಾಗಬಾರದೆಂದು ಅವಳು ನಡುವೆ ಕೆಂಪು ಉಣ್ಣೆಯ ದಾರ ಸುತ್ತಿದಳು. ಅರಿಷಿಣ-ಕುಂಕುಮಕ್ಕೆ ಹೋದಲ್ಲಿ ಹೆಂಗಸರು ಇದು ಯಾವ ವ್ರತ ಎಂದು ಕೇಳಿದರು. ಮಾಮಿ, ಇದು ಬಳೆಗಳ ಮೌನವ್ರತ, ಮನೆಯಲ್ಲಿ ಶಾಂತಿ ಇರುತ್ತದೆ ಎಂದಳು. ಮುಂದಿನ ವರ್ಷ ಕಟ್ಟಡದ ಇನ್ನೂ ಕೆಲವರ ಕೈಯಲ್ಲಿ ಕೆಂಪು ದಾರ ಕಾಣಿಸಿಕೊಂಡಿತು!

ಮಾಮಾನ ಲೋಕದಲ್ಲಿ ಪ್ರತಿಯೊಂದು ಸಪ್ಪಳಕ್ಕೂ ಬಿಳಿಯೋ ಕಪ್ಪೋ ಒಂದು ಪಟ್ಟಿ ಇತ್ತು. ಮನೆ ಮುಂದಿನ ರಿಕ್ಷಾದ ಹಾರ್ನು ಬಿಳಿ ಐದು. ಲಿಫ್ಟಿನ ಬಾಗಿಲು ಕಪ್ಪು ಎರಡು. ನನ್ನ ಸೀನು ಬಿಳಿ ಮೂರಕ್ಕೂ ಬಿಳಿ ನಾಲ್ಕಕ್ಕೂ ನಡುವೆ ಎಲ್ಲೋ ಅನಾಥವಾಗಿ ಅಲೆಯುತ್ತದಂತೆ. ನನ್ನನ್ನು ನೋಡಲು ವರನ ಕಡೆಯವರು ಬಂದಾಗ ಎಲ್ಲರೂ ಹುಡುಗನ ಪಗಾರ, ಮನೆತನ ವಿಚಾರಿಸಿದರೆ, ಮಾಮಾ ಕಣ್ಣುಮುಚ್ಚಿ ಅವನ ದನಿ ಕೇಳುತ್ತಾ ಕೂತ. ಅವರು ಹೋದ ಮೇಲೆ, ಹುಡುಗ ಒಳ್ಳೆಯವನೇ, ಆದರೆ ದನಿ ಅರ್ಧ ಪಟ್ಟಿ ಇಳಿದಿದೆ ಎಂದು ತೀರ್ಪು ಕೊಟ್ಟ. ಮದುವೆಯಾದ ಮೇಲೆ ಇನ್ನೂ ಇಳಿದಿದೆ, ಆ ಮಾತು ಬೇರೆ.

ಇನ್ನು ಗಣಪತಿ ಹಬ್ಬ. ಊರೆಲ್ಲ ಢೋಲು-ತಾಶೆ ಕೇಳಲು ಪುಣೆಗೆ ಬಂದರೆ ನಮ್ಮ ಮಾಮಾ ಪುಣೆ ಬಿಟ್ಟು ಓಡುತ್ತಿದ್ದ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಒಂದು ಸಲ ಪುಣೆ ಹತ್ತಿರದ ಶಿರೂರಿನಲ್ಲಿ ಗೆಳೆಯನ ಮನೆಯಿದೆ, ಸುತ್ತ ಹೊಲ, ಬರೀ ಈರುಳ್ಳಿ, ಈರುಳ್ಳಿ ಸಪ್ಪಳ ಮಾಡುವುದಿಲ್ಲ ಎಂದು ಹೇಳಿ ಹೋದ. ಸಂಜೆಗೇ ವಾಪಸು ಬಂದ. ಅಲ್ಲಿಯ ಗಣಪತಿ ಮಂಡಳದವರು ಗೆಳೆಯನ ಗೋಡೆಗೇ ಒರಗಿಸಿ ಸ್ಪೀಕರಿನ ಗೋಪುರ ಕಟ್ಟಿದ್ದರಂತೆ. ಪಾಪ, ಆ ಗೆಳೆಯನೇ ಮಂಡಳದ ಅಧ್ಯಕ್ಷ!

ಇಷ್ಟೆಲ್ಲ ನಗುತ್ತಾ ಹೇಳುತ್ತಿದ್ದೇನೆ. ಆದರೆ ಒಮ್ಮೆ ನಮ್ಮ ಮನೆಯಲ್ಲಿ ಸ್ಟೀಲಿನ ತಾಟು ಕೈಜಾರಿ ಬಿದ್ದಾಗ ಮಾಮಾನ ಮುಖ ನೋಡಿದ್ದೇನೆ. ಅದು ಸಿಟ್ಟಲ್ಲ, ನೋವು. ಕಣ್ಣಲ್ಲಿ ನೀರು ಬಂದಿತ್ತು. ನಮಗೆ ಸಪ್ಪಳ ಎಂದರೆ ಕೇಳುವ ವಸ್ತು, ಅವನಿಗೆ ಅದು ತಾಗುವ ವಸ್ತು. ನಾವು ಅದನ್ನು ಸೊಕ್ಕು ಎಂದುಕೊಂಡೆವು, ಕಲಾವಿದರ ನಖರಾ ಎಂದುಕೊಂಡೆವು. ಅವನೂ ನಮ್ಮ ತಿಳಿವಳಿಕೆಯನ್ನು ತಿದ್ದಲಿಲ್ಲ. ನೋವು ಎನ್ನುವುದಕ್ಕಿಂತ ಸೊಕ್ಕು ಎನ್ನಿಸಿಕೊಳ್ಳುವುದು ಗಂಡಸರಿಗೆ ಸಸಾರ.

ಹೀಗಿರುವಾಗ ಹೊಸ ತಮಾಷೆ ಶುರುವಾಯಿತು. ಮೆಲ್ಲಗೆ ಹೇಳಿದರೆ "ಏನಂದಿ? ಗಟ್ಟಿಯಾಗಿ ಹೇಳು" ಎನ್ನುತ್ತಿದ್ದ. ಗಟ್ಟಿಯಾಗಿ ಹೇಳಿದರೆ "ಯಾಕ ಒದರ್ತೀ? ನಾ ಏನು ಕಿವುಡನ?" ಎನ್ನುತ್ತಿದ್ದ. ಸಣ್ಣ ಸಪ್ಪಳ ಕೇಳುವುದಿಲ್ಲ, ದೊಡ್ಡ ಸಪ್ಪಳ ತಡೆಯುವುದಿಲ್ಲ! ಇವೆರಡರ ನಡುವೆ ಸಿಕ್ಕ ಸಂದಿಯಲ್ಲಿ ಮಾಮಿ ಸಂಸಾರ ಮಾಡಬೇಕಿತ್ತು. ಇದು ಸಾಲದೆಂಬಂತೆ ಕಿವಿಯೊಳಗೆ ಒಂದು ಗುಂಯ್ ನಾದ ಬೇರೆ. "ಒಳಗ ಯಾರೋ ಒಂದ ಪಟ್ಟಿ ಒತ್ತಿ ಹಿಡಕೊಂಡು ಕೂತಾರ, ಬಿಡವಲ್ರು. ಅದೂ ಬೇಸೂರ" ಎಂದು ಒಂದು ದಿನ ನನಗೆ ಹೇಳಿದ. ನಾನು ನಕ್ಕೆ. ಅವನು ನಗಲಿಲ್ಲ.

ಪುಣೆಯಂಚಿನ ವಾಕಡದ ಒಂದು ಫ್ಲ್ಯಾಟಿನಲ್ಲಿ ಬೆಂಗಳೂರು ಕಡೆಯ ಹೆಣ್ಣುಮಗಳೊಬ್ಬಳಿದ್ದಾಳೆ, ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತಾಳೆ. ಅವಳ ಪಿಯಾನೋ ಮಾಮಾನದೇ ಜವಾಬ್ದಾರಿ. ಒಂದು ಸಲ ಮಾಮಾ ಕೆಲಸ ಮುಗಿಸಿ ಬಂದ ಮರುದಿನ ಅವಳು ಫೋನು ಮಾಡಿದಳು. "ಅಂಕಲ್, ಬೇಜಾರ್ ಮಾಡ್ಕೋಬೇಡಿ. ಮೇಲಿನ ನೋಟ್ಸ್ ಯಾಕೋ ಸರಿ ಇಲ್ಲ ಅನ್ಸ್ತಿದೆ." ಮಾಮಾ ಅವಳ ಮನೆಯ ಏಸಿಯನ್ನು ಬೈದ, ಮಳೆಯ ತೇವವನ್ನು ಬೈದ, ನೆಲಕ್ಕೆ ಹಾಸಿದ ಕಾರ್ಪೆಟ್ಟನ್ನೂ ಬಿಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದನ್ನು ಅವನ ಎದುರು ಅನ್ನುವ ಧೈರ್ಯ ಯಾರಿಗಿತ್ತು? ಬೈದು ಮುಗಿಸಿ ಕೀಲಿಯ ಚೀಲವನ್ನು ಗೂಟಕ್ಕೆ ಹಾಕಿದ. ಅದು ಅಲ್ಲಿಂದ ಇಳಿಯಲಿಲ್ಲ. ಕ್ಯಾಂಪಿನವರು ಕರೆದರೆ ಸೊಂಟ ಹಿಡಿದಿದೆ ಎಂದ. ಚರ್ಚಿನವರು ಕರೆದರೆ ಊರಲ್ಲಿಲ್ಲ ಎಂದ. ಆ ಕೆಲಸವೊಂದು ಹೋದರೆ ಮಾಮಾನಲ್ಲಿ ಉಳಿಯುವುದು ಬರೀ ಕಿರಿಕಿರಿಯ ಮುದುಕ ಎಂದು ನಮಗೆಲ್ಲ ಗೊತ್ತಿತ್ತು. ಅವನಿಗಂತೂ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಸ್ವರ ಅಳೆದು ಮುಳ್ಳಿನಲ್ಲಿ ತೋರಿಸುವ ಮೊಬೈಲ್ ಆಪ್ ತೋರಿಸಲು ಹೋದೆ. "ಮುಳ್ಳು ನೋಡಿ ಸ್ವರ ಕೂಡಿಸೋದಂದ್ರ ಥರ್ಮಾಮೀಟರ್ ಇಟ್ಟು ಸಾರಿನ ರುಚಿ ನೋಡಿದ್ಹಂಗ" ಎಂದು ಮುಖ ತಿರುಗಿಸಿದ.

ಕೊನೆಗೆ ಮಾಮಿ ಮತ್ತು ನಾನು ಅವನನ್ನು ಕಿವಿ ಡಾಕ್ಟರ ಬಳಿ ಎಳೆದುಕೊಂಡು ಹೋದೆವು. ಡಾಕ್ಟರು ಮರಾಠಿ ಹೆಣ್ಣುಮಗಳು. ಪರೀಕ್ಷೆ ಮುಗಿಸಿ, ಮೇಲಿನ ಸಣ್ಣ ಸ್ವರಗಳು ಹೋಗಿವೆ, ತಿರುಗಿ ಬರುವುದಿಲ್ಲ ಎಂದರು. ಇಷ್ಟು ದಿನ ಯಾಕೆ ಬರಲಿಲ್ಲ ಎಂದೂ ಗದರಿದರು. ಮಾಮಾ ತಲೆ ತಗ್ಗಿಸಿ ತನ್ನ ಮರಾಠಿಯಲ್ಲಿ "ಮೀ ಕುಣಾಲಾಚ್ ಐಕಲಂ ನಾಹೀ" ಎಂದ. ಡಾಕ್ಟರು, "ಹೌದು, ಯಾರದೂ ಕೇಳಿಸುವುದಿಲ್ಲ, ಅದನ್ನೇ ನಾನೂ ಹೇಳುತ್ತಿರುವುದು" ಎನ್ನುವ ಅರ್ಥದಲ್ಲಿ ತಲೆಯಾಡಿಸಿ ಬರೆದುಕೊಂಡರು.

ಅವನು ಹೇಳಲು ಹೊರಟದ್ದು ಅದಲ್ಲ. ನಾನು ಯಾರನ್ನೂ ಕೇಳಲಿಲ್ಲ, ಅಂದರೆ ವಿಚಾರಿಸಲಿಲ್ಲ ಎಂದು. ಮರಾಠಿಯಲ್ಲಿ ಕಿವಿಯಿಂದ ಕೇಳುವುದಕ್ಕೆ ಐಕ ಎಂದು ಒಂದು ಶಬ್ದ, ಬಾಯಿಂದ ಕೇಳುವುದಕ್ಕೆ ವಿಚಾರ ಎಂದು ಇನ್ನೊಂದು. ನಮ್ಮ ಕನ್ನಡದಲ್ಲಿ ಎರಡಕ್ಕೂ ಒಂದೇ. ಇಷ್ಟು ವರ್ಷ ಪುಣೆಯಲ್ಲಿದ್ದರೂ ಮಾಮಾ ಎರಡಕ್ಕೂ ಐಕ, ಐಕ ಎಂದೇ ಹೇಳುತ್ತಾನೆ. ನೋಡಿ, ನಮ್ಮ ಹಿರಿಯರು ಎಷ್ಟು ಜಾಣರು! ಕಿವಿಗೂ ಬಾಯಿಗೂ ಒಂದೇ ಕೆಲಸ ಕೊಟ್ಟಿದ್ದಾರೆ, ಒಂದು ಸೋತರೆ ಇನ್ನೊಂದು ನಡೆಸಲಿ ಎಂದು. ನಮ್ಮ ಮಾಮಾ ಆಯುಷ್ಯವಿಡೀ ಒಂದೇ ಕೇಳುವಿಕೆಯಲ್ಲಿ ಕಳೆದಿದ್ದ. ಎಲ್ಲವನ್ನೂ ಕೇಳಿದ, ಯಾರನ್ನೂ ಕೇಳಲಿಲ್ಲ.

ಕಿವಿಗೆ ಯಂತ್ರ ಬಂತು. ಮನುಷ್ಯರ ಮಾತು ಚೆನ್ನಾಗಿ ಕೇಳಿಸತೊಡಗಿತು, ಆದರೆ ಪಿಯಾನೋ ಮಾತ್ರ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಎಂದು ಅಂದ. ಚೀಲ ಗೂಟದಲ್ಲೇ ಇತ್ತು. ಒಂದು ಬೆಳಿಗ್ಗೆ ನಾನು ಅವರ ಮನೆಯಲ್ಲಿದ್ದಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಮಾಮಿಯನ್ನು ಕೇಳಿದ.

"ನನ್ನ ಸಂಗಡ ವಾಕಡಕ್ಕ ಬರ್ತೀಯೇನು? ಮ್ಯಾಲಿನ ಸ್ವರ ನನಗ ಹತ್ತವಲ್ಲವು. ನೀ ಕೇಳಿ ಹೇಳಬೇಕು."

ಮಾಮಿ ಗ್ಯಾಸ್ ಆರಿಸಿ ಬಂದಳು. ತನಗೇನು ತಿಳಿಯುತ್ತದೆ, ತಾನು ಜೋಳದ ರೊಟ್ಟಿ ಬಡಿಯುವವಳು ಎಂದಳು.

"ರೊಟ್ಟಿ ಬಡಿಯೋದು ಮತ್ತೇನದ? ಸಪ್ಪಳ ಕೇಳೇ ಸಾಕು ಅಂತ ಕೈ ನಿಂದರಸ್ತಿ. ನಾ ದಿನಾ ಕೇಳ್ತಿದ್ನಲ್ಲ."

ಆಗ ನನಗೆ ಹೊಳೆಯಿತು. ಕುಕ್ಕರು, ಮಿಕ್ಸರು, ಕುರ್ಚಿ ಎಲ್ಲದರ ಬಾಯಿ ಕಟ್ಟಿದ ಆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳಕ್ಕೆ ಮಾಮಾ ಒಂದು ದಿನವೂ ತಕರಾರು ಮಾಡಿರಲಿಲ್ಲ. ಮಾಮಿ ಸೀರೆ ಬದಲಿಸಲು ಒಳಗೆ ಹೋದಳು.

ವಾಕಡದ ಹುಡುಗಿ ನಮ್ಮ ಮೂವರನ್ನೂ ಕೂಡಿಸಿ, ಫ್ಯಾನು ಆರಿಸಿ, ತಾನು ಹೊರಗೆ ನಿಂತಳು. ಮಾಮಾ ಕಿವಿಯ ಯಂತ್ರ ತೆಗೆದು ಜೇಬಿಗಿಟ್ಟು ಕೀಲಿ ಹಿಡಿದ. ಮಾಮಿ ಪಟ್ಟಿ ಒತ್ತಿದಳು. ಒಂದೊಂದಕ್ಕೂ ಅವನು "ನಡಗ್ತದೇನು?" ಎಂದು ಕೇಳುವುದು, ಅವಳು ಕಣ್ಣುಮುಚ್ಚಿ, ಇನ್ನೂ ನಡುಗುತ್ತದೆ, ಇನ್ನೂ ಸ್ವಲ್ಪ, ಈಗ ನಿಂತಿತು ಎಂದು ಕೈಯೆತ್ತುವುದು. ಮೊದಮೊದಲು ಅವಳ ದನಿಯೇ ತಂತಿಗಿಂತ ಹೆಚ್ಚು ನಡುಗುತ್ತಿತ್ತು. ಮೇಲೆ ಮೇಲೆ ಹೋದಂತೆ ಗಟ್ಟಿಯಾಯಿತು. ಒಂದು ಕಡೆ ಮಾಮಾ ಸಾಕೆಂದರೂ ಅವಳು ಬಿಡದೆ, ಇಲ್ಲ, ಇನ್ನೂ ಇದೆ ಎಂದು ಹಟ ಹಿಡಿದಳು. ಮಾಮಾ ತಿರುಗಿ ಬಿಗಿದ. ಅವನು ಇನ್ನೊಬ್ಬರ ಮಾತು ಕೇಳಿ ತಂತಿ ಮುಟ್ಟಿದ್ದನ್ನು ನಾನು ಮೊದಲ ಸಲ ನೋಡಿದೆ.

ಹೀಗೆ ಕೊನೆಯ ಪಟ್ಟಿಗೆ ಬಂದರು. ಮಾಮಿ ಒತ್ತಿದಳು. ಮಾಮಾ ಕಾದ. ಅವನಿಗೆ ಒಳಗಿನ ಸುತ್ತಿಗೆ ಟುಕ್ ಎಂದು ತಂತಿಗೆ ಬಡಿದದ್ದಷ್ಟೇ ಕೇಳಿಸಿರಬೇಕು, ಸ್ವರವೇ ಇಲ್ಲ. ಅವಳು ಹೇಳಿದಂತೆ ತಿರುಗಿಸಿ ನಿಲ್ಲಿಸಿದ. ಆಮೇಲೆ ಮೆಲ್ಲಗೆ ಕೇಳಿದ.

"ಹೆಂಗದ ಅದು?"

ಮಾಮಿ ಇನ್ನೊಮ್ಮೆ ಒತ್ತಿ, ಅದು ಪೂರ್ತಿ ಆರುವ ತನಕ ಕಾದಳು.

"ಭಾಳ ಸಣ್ಣದದರಿ. ಆದ್ರ ಅದ."

ಮಾಮಾ ಕೀಲಿಯನ್ನು ಕೆಳಗಿಟ್ಟ. "ಹಂಗಾದ್ರ ಅದು ನಿನ್ನದು" ಎಂದ. ಮಾಮಿ ಮತ್ತೆ ಆ ಪಟ್ಟಿ ಒತ್ತಿದಳು. ಮಾಮಾ ಪಿಯಾನೋದ ಕಡೆ ನೋಡಲಿಲ್ಲ, ಅದು ಆರುವ ತನಕ ಅವಳ ಮುಖ ನೋಡುತ್ತಾ ಕೂತ.